ಇಪ್ಪತ್ತೊಂದನೆಯ ಸುತ್ತು

ಹೋದ ಶನಿವಾರ ನಮ್ಮ ಗರಾಜಿನಲ್ಲಿ ಒಂದು ಜೊತೆ ಬೂಟಿನ ಸಲುವಾಗಿ ಜಗಳವಾಯಿತು. ಗರಾಜ್ ಎಂದ ಕೂಡಲೇ ನೀವು ಕಾರನ್ನು ನೆನೆಸಿಕೊಳ್ಳಬೇಡಿ. ನಾವಿರುವ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ರ್ಯಾಂಚಿನಲ್ಲಿ ಕಾರು ಹೊರಗೆ ಬಿಸಿಲಿನಲ್ಲಿ ನಿಲ್ಲುತ್ತದೆ. ಎಸೆಯಲು ಮನಸ್ಸು ಬಾರದ ಹಳೆಯ ಸಾಮಾನೆಲ್ಲ ಗರಾಜಿನ ನೆರಳಿನಲ್ಲಿ ಸುಖವಾಗಿರುತ್ತದೆ. ನನ್ನ ಹೆಂಡತಿ ಸುಜಾತಾ ಹುಬ್ಬಳ್ಳಿಯವಳು. ವರ್ಷಕ್ಕೊಮ್ಮೆ ಅವಳಿಗೆ ಶುಚಿಯ ಆವೇಶ ಬರುತ್ತದೆ. ಹಳೆಯ ಸಾಮಾನಿನ ಜೊತೆ ನನ್ನನ್ನೂ ಎಲ್ಲಿ ದಾನಕ್ಕೆ ಕಳಿಸಿಬಿಡುತ್ತಾಳೋ ಎಂದು ಅಂಥ ದಿನ ನಾನು ಸ್ವಲ್ಪ ದೂರದಲ್ಲೇ ನಿಂತಿರುತ್ತೇನೆ. ಅವಳು ಒಂದು ರಟ್ಟಿನ ಡಬ್ಬಿ ತೆರೆದು ಮುಖ ಸಿಂಡರಿಸಿದಳು.

"ಇವೇನ್ರಿ ಇವು? ಅಡಿ ಸುದ್ದಾ ಬಿಚ್ಚ್ಯಾವ. ಒಗದಬಿಡ್ರಿ."

ಅವಳು ಎಸೆಯುವ ಮೊದಲೇ ನಾನು ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡೆ. ನೆನೆದು ಒಣಗಿದ ಚರ್ಮದ ಮುಗ್ಗಲು ವಾಸನೆ ಬಂತು. ವಾಸನೆಗೆ ನಾಚಿಕೆ ಎಂಬುದಿಲ್ಲ ನೋಡಿ, ಕರೆಯದಿದ್ದರೂ ಬಂದು ಎದುರಿಗೆ ಕೂತುಬಿಡುತ್ತದೆ. ಎರಡು ವರ್ಷದಿಂದ ನಾನು ಯಾವುದನ್ನು ನೆನೆಸಿಕೊಳ್ಳಬಾರದು ಎಂದು ಆ ಡಬ್ಬಿಗೆ ಮುಚ್ಚಳ ಹಾಕಿದ್ದೆನೋ ಅದೆಲ್ಲ ಒಟ್ಟಿಗೆ ನೆನಪಾಯಿತು. "ಇರಲಿ ಬಿಡೇ" ಎಂದೆ. ಯಾಕೆ ಎಂದು ಕೇಳಿದಳು. ಹೇಳಲಿಲ್ಲ. ಅದಕ್ಕೇ ಜಗಳ.

ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಇದನ್ನು ಹೇಳಬೇಕಾದರೆ ಮೊದಲು ಪಸಡೀನಾದ ಕಮಲಾ ಆಂಟಿ ಮತ್ತು ಶಾಮರಾಯ ಅಂಕಲ್ ಅವರ ಮನೆಗೆ ನಿಮ್ಮನ್ನು ಕರೆದುಕೊಂಡು ಹೋಗಬೇಕು.

ನಾವು ಈ ದೇಶಕ್ಕೆ ಬಂದ ಹೊಸದರಲ್ಲಿ, 2001ರಲ್ಲಿ, ಯಾರದೋ ಮನೆಯ ಗೌರಿ ಹಬ್ಬದಲ್ಲಿ ಅವರ ಪರಿಚಯವಾಯಿತು. ಅಂಕಲ್ ಮೈಸೂರಿನಲ್ಲಿ ಡಾಕ್ಟರಾಗಿದ್ದು ರಿಟೈರ್ ಆದವರು. ಒಬ್ಬನೇ ಮಗ ಮುರಳಿ ಲಾಸ್ ಏಂಜಲಿಸ್ಸಿನ ಪಕ್ಕದ ಪಸಡೀನಾದಲ್ಲಿ ವಿಜ್ಞಾನಿ. ಅವನ ಮನೆಯಲ್ಲೇ ಇಬ್ಬರೂ ಇದ್ದರು. ತಿಂಗಳಿಗೊಂದು ಶನಿವಾರ ನಾವು ಹದಿನೈದನೇ ಫ್ರೀವೇ ಹಿಡಿದು ಎರಡು ಗಂಟೆ ಡ್ರೈವ್ ಮಾಡಿಕೊಂಡು ಅವರ ಮನೆಗೆ ಹೋಗುತ್ತಿದ್ದೆವು. ನೆಪ ಏನೇ ಇರಲಿ, ನಿಜವಾದ ಕಾರಣ ಆಂಟಿಯ ಮೆಣಸಿನ ಸಾರು. ಒಂದು ಸಾರಿಗೆ ಇಷ್ಟು ದೂರವೇ ಎಂದು ನೀವು ನಗಬಹುದು. ನೀವು ಆ ಸಾರು ಕುಡಿದಿಲ್ಲ.

ಊಟವಾದ ಮೇಲೆ ಅಂಕಲ್ ಕಥೆ ಶುರುಮಾಡುತ್ತಿದ್ದರು. ಅವರ ಬಳಿ ನೂರು ಕಥೆಯಿದ್ದರೂ ಎಲ್ಲವೂ ಕೊನೆಗೆ ಚೆಸ್ಟರಿಗೆ ಹೋಗಿ ನಿಲ್ಲುತ್ತಿದ್ದವು. ಚೆಸ್ಟರ್ ಇಂಗ್ಲೆಂಡಿನ ಒಂದು ಹಳೆಯ ಊರು. ರೋಮನ್ನರ ಕಾಲದಲ್ಲಿ ಶುರುವಾದ ಕೋಟೆಗೋಡೆ ಇವತ್ತಿಗೂ ಊರಿನ ಸುತ್ತ ಪೂರ್ತಿಯಾಗಿ ನಿಂತಿದೆ. ಅದರ ಮೇಲೆಯೇ ನಡೆಯುತ್ತ ಇಡೀ ಊರನ್ನು ಸುತ್ತಬಹುದು, ಸುಮಾರು ಎರಡು ಮೈಲಿ. ಅರವತ್ತರ ದಶಕದಲ್ಲಿ ಅಂಕಲ್ ಅಲ್ಲಿನ ಆಸ್ಪತ್ರೆಯಲ್ಲಿ ಒಂದು ವರ್ಷ ಟ್ರೈನಿಂಗಿಗೆ ಇದ್ದರು. ಆಂಟಿ ಮೈಸೂರಿನಲ್ಲಿ, ಒಂದು ವರ್ಷದ ಮುರಳಿಯ ಜೊತೆ.

ಆ ಚಳಿಗಾಲ ಮಗುವಿಗೆ ಗಂಟಲಮಾರಿಯಾಗಿದೆ ಎಂದು ಕಾಗದ ಬಂತಂತೆ. ಕಾಗದ ಊರಿನಿಂದ ಹೊರಟು ಆಗಲೇ ಹತ್ತು ದಿನವಾಗಿತ್ತು. ಬೇರೆಯವರಾದರೆ ದೇವರಿದ್ದಾನೆ ಎಂದು ಸುಮ್ಮನಿರಬಹುದು. ಡಾಕ್ಟರಿಗೆ ಆ ಹತ್ತು ದಿನದಲ್ಲಿ ಏನೇನು ಆಗಬಹುದು ಎಂಬುದು ಒಂದೊಂದಾಗಿ ಗೊತ್ತಿರುತ್ತದೆ. ಅಂಕಲ್ ಆ ರಾತ್ರಿ ನಂಜನಗೂಡಿನ ನಂಜುಂಡೇಶ್ವರನಿಗೆ ಹರಕೆ ಹೊತ್ತರು. ಇಪ್ಪತ್ತೊಂದು ಪ್ರದಕ್ಷಿಣೆ. ಗುಡಿ ಎಲ್ಲಿದೆ? ಚೆಸ್ಟರ್ ಊರನ್ನೇ ಗುಡಿ ಎಂದುಕೊಂಡು ಕೋಟೆಗೋಡೆಯ ಮೇಲೆ ದಿನಕ್ಕೊಂದು ಸುತ್ತು. ಡ್ಯೂಟಿ ಮುಗಿಸಿ, ಓವರ್‌ಕೋಟು ಬೂಟು ಹಾಕಿಕೊಂಡೇ.

"ಬರಿಗಾಲಲ್ಲಿ ಹಾಕ್ಬೇಕಿತ್ತು, ನಿಜ. ಆದ್ರೆ ನಂಜುಂಡನೂ ಡಾಕ್ಟರೇ ಅಲ್ವೇನಪ್ಪ, ನ್ಯುಮೋನಿಯಾ ಅಂದ್ರೆ ಏನು ಅಂತ ಅವನಿಗೂ ಗೊತ್ತು" ಎನ್ನುತ್ತಿದ್ದರು. ಉರುಳುಸೇವೆ ಹೊತ್ತುಕೊಳ್ಳಲಿಲ್ಲವಲ್ಲ, ಪುಣ್ಯ, ಆ ಗೋಡೆಯ ಮೇಲೆ ಉರುಳಿದ್ದರೆ ಸೀದಾ ಕೆಳಗಿನ ಕಾಲುವೆಗೇ ಬೀಳುತ್ತಿದ್ದೆ ಎಂದು ಸೇರಿಸುತ್ತಿದ್ದರು. ಇಪ್ಪತ್ತು ಸುತ್ತು ಆದ ದಿನ, ಮಗು ಹುಷಾರಾಯಿತು ಎಂಬ ಕಾಗದ ಬಂತು. ಖುಷಿಗೆ ಕೇಕು ತಂದು ವಾರ್ಡಿನವರಿಗೆಲ್ಲ ಹಂಚಿದರು. ಮಾರನೆಯ ದಿನ ಹಿಮ ಬಿತ್ತು. ಅದರ ಮಾರನೆಯ ದಿನ ಡ್ಯೂಟಿ ಬದಲಾಯಿತು. ಆಮೇಲೆ ಊರಿಗೆ ಹೊರಡುವ ಗಡಿಬಿಡಿ. ಇಪ್ಪತ್ತೊಂದನೆಯ ಸುತ್ತು ಉಳಿದೇ ಹೋಯಿತು.

"ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು, ಅಲ್ವಾ?" ಎಂದು ಅಂಕಲ್ ತೊಡೆ ತಟ್ಟಿಕೊಂಡು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಆಂಟಿ ಮಾತ್ರ ಒಂದು ದಿನವೂ ನಗಲಿಲ್ಲ. ಆ ಮಾತು ಬರುವ ಹೊತ್ತಿಗೆ ಸರಿಯಾಗಿ ಅವರಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಮುರಳಿಗೆ ಒಂದು ಸಣ್ಣ ಜ್ವರ ಬಂದರೂ ಆ ಉಳಿದ ಸುತ್ತು ತಮ್ಮ ಎದೆಯೊಳಗೆ ತಿರುಗುತ್ತದೆ ಎಂದು ಒಮ್ಮೆ ಸುಜಾತಾಳ ಹತ್ತಿರ ಹೇಳಿಕೊಂಡರಂತೆ.

2005ರಲ್ಲಿ ಅಂಕಲ್ ಹೋಗಿಬಿಟ್ಟರು. ಮರುವರ್ಷದ ವಸಂತದಲ್ಲಿ ಮುರಳಿಯ ಹೃದಯದ ಒಂದು ಕವಾಟ ಸರಿಯಿಲ್ಲ, ಆಪರೇಷನ್ ಆಗಲೇಬೇಕು ಎಂದು ಡಾಕ್ಟರರು ಹೇಳಿದರು. ಮೇ ತಿಂಗಳ ಒಂದು ಗುರುವಾರ ಎಂದು ಗೊತ್ತಾಯಿತು. ಅದೇ ಹೊತ್ತಿಗೆ ನಮ್ಮ ಮನೆಯ ಹತ್ತಿರದ ಪೊವೇಯಲ್ಲಿರುವ ನನ್ನ ಆಫೀಸಿನವರು ಒಂದು ಮಶೀನು ನೋಡಿಕೊಂಡು ಬಾ ಎಂದು ನನ್ನನ್ನು ಮ್ಯಾಂಚೆಸ್ಟರಿಗೆ ಒಂದು ವಾರ ಕಳಿಸಿದರು. ಆಪರೇಷನ್ನಿನ ಹಿಂದಿನ ಶನಿವಾರ ನನಗೆ ಅಲ್ಲಿ ರಜೆ. ಚೆಸ್ಟರ್ ಅಲ್ಲಿಂದ ರೈಲಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ.

ಹೊರಡುವ ಮೊದಲು ಆಂಟಿಯ ಮನೆಯಲ್ಲಿ ಊಟಕ್ಕೆ ಕೂತಾಗ ಈ ವಿಷಯ ನಾನೇ ಬಾಯಿಬಿಟ್ಟು ಹೇಳಿದ್ದು. ಆಂಟಿ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ನನ್ನ ಎದುರಿಗೆ ಕೂತರು.

"ಒಂದೇ ಒಂದು ಸುತ್ತು ಮಗು. ನೀನು ದೇವರನ್ನ ನಂಬಲ್ಲ ಅಂತ ಗೊತ್ತು. ನಂಬೋದು ಬೇಡ. ನನಗೋಸ್ಕರ ನಡಿ. ಅದೊಂದು ಆಗಿಬಿಟ್ರೆ ಗುರುವಾರ ನಾನು ಧೈರ್ಯವಾಗಿ ಕೂತಿರ್ತೀನಿ."

ಇಲ್ಲ ಎನ್ನಲು ಬಾಯಾದರೂ ಹೇಗೆ ಬಂದೀತು! ಆಗಲಿ ಆಂಟಿ ಎಂದೆ. ಅಂಕಲ್ ಆಗ ಬರೆದ ಕಾಗದಗಳಲ್ಲಿ ಓದಿದ್ದನ್ನೆಲ್ಲ ನೆನೆದು, ಹೇಗೆ ನಡೆಯಬೇಕೆಂದು ಹೇಳಿದರು. ಗಡಿಯಾರದ ಬಾಗಿಲಿನಿಂದ ಶುರುಮಾಡಬೇಕು. ಬೂಟಿದ್ದರೂ ಪರವಾಗಿಲ್ಲ, ಅವರೂ ಬೂಟಿನಲ್ಲೇ ಹಾಕಿದ್ದು. ಸ್ವಲ್ಪ ದೂರ ಹೋದರೆ ಕಲ್ಲಿನ ಮೆಟ್ಟಿಲು ಸಿಗುತ್ತದೆ. ಅದನ್ನು ಇಳಿಯುವಾಗ ಅಂಕಲ್ ದಿನವೂ ಮಗುವಿನ ಹೆಸರು ಹೇಳುತ್ತಿದ್ದರು, ನೀನೂ ಹೇಳು ಎಂದರು. ನಾನು ಸಾರಿನಲ್ಲಿ ಮುಳುಗಿ ಹೂಂ ಹೂಂ ಎಂದೆ.

ನಮ್ಮ ಕ್ಯಾಲಿಫೋರ್ನಿಯಾದವರ ಕಾಲಿನ ಬಗ್ಗೆ ಒಂದು ಮಾತು. ನಾವು ನಡೆಯುವುದೆಂದರೆ ಪಾರ್ಕಿಂಗ್ ಲಾಟಿನಿಂದ ಅಂಗಡಿಯ ಬಾಗಿಲವರೆಗೆ. ಅದೂ ಹತ್ತಿರದ ಜಾಗಕ್ಕಾಗಿ ಐದು ನಿಮಿಷ ಕಾರಿನಲ್ಲೇ ಸುತ್ತಿದ ಮೇಲೆ. ಅಂಥ ಕಾಲಿಗೆ ಹೊಸ ಚರ್ಮದ ಬೂಟು ಹಾಕಿಕೊಂಡು ನಾನು ಚೆಸ್ಟರ್ ಸ್ಟೇಷನ್ನಿನಲ್ಲಿ ಇಳಿದಾಗ ಬೆಳಗಿನ ಹತ್ತೂವರೆ, ಹನಿ ಮಳೆ.

ಊರು ಎಷ್ಟು ಚೆನ್ನಾಗಿತ್ತು! ಬಿಳಿ ಗೋಡೆಗೆ ಕರಿ ಮರದ ಪಟ್ಟಿ ಹೊಡೆದ ಮನೆಗಳು, ವಾಲಿಕೊಂಡು ಒಂದಕ್ಕೊಂದು ಭುಜ ಕೊಟ್ಟು ನಿಂತಿದ್ದವು. ಬೀದಿಯ ಮಟ್ಟದಲ್ಲಿ ಒಂದು ಅಂಗಡಿ ಸಾಲು, ಅದರ ತಲೆಯ ಮೇಲೆ ಜಗಲಿಯ ಹಾಗೆ ಇನ್ನೊಂದು ಸಾಲು. ಮಳೆ ಬಂದರೂ ನೆನೆಯದೆ ಇಡೀ ಪೇಟೆ ಸುತ್ತಬಹುದು. ನಾನು ಒಂದು ಗಂಟೆ ಬಾಯಿಬಿಟ್ಟುಕೊಂಡು ಆ ಜಗಲಿಗಳಲ್ಲೇ ಅಲೆದೆ. ಸುಜಾತಾಳಿಗೆ ಒಂದು ಸ್ಕಾರ್ಫ್ ಕೊಂಡೆ. ಲಾಸ್ ಏಂಜಲಿಸ್ಸಿನಲ್ಲಿ ಐವತ್ತು ವರ್ಷದ ಕಟ್ಟಡಕ್ಕೆ ಹಿತ್ತಾಳೆಯ ಫಲಕ ಹೊಡೆದು ಕೈ ಮುಗಿಯುತ್ತಾರೆ. ಇಲ್ಲಿ ಐನೂರು ವರ್ಷದ ಮನೆಯಲ್ಲಿ ಮೊಬೈಲ್ ಫೋನ್ ಮಾರುತ್ತಿದ್ದರು.

ಗಡಿಯಾರದ ಬಾಗಿಲಿಗೆ ಬಂದೆ. ಬೀದಿಯ ಮೇಲೆ ಸೇತುವೆಯ ಹಾಗೆ ಕಮಾನು, ಅದರ ನೆತ್ತಿಯಲ್ಲಿ ಬಣ್ಣದ ಗಡಿಯಾರ. ಮೆಟ್ಟಿಲು ಹತ್ತಿ ಗೋಡೆಯ ಮೇಲೆ ನಿಂತು ಒದ್ದೆ ಕಲ್ಲನ್ನು ಮುಟ್ಟಿದೆ. ಮೂವತ್ತರ ಹರೆಯದ ಅಂಕಲ್ ದಿನಾ ಸಂಜೆ ಇಲ್ಲಿ ಒಬ್ಬರೇ ನಿಂತಿದ್ದರಲ್ಲ ಎನಿಸಿತು. ಅಲ್ಲೇ ಕೊಡೆ ಹಿಡಿದ ಒಬ್ಬ ವಯಸ್ಸಾದ ಗೈಡಮ್ಮ ಹತ್ತು ಹನ್ನೆರಡು ಪ್ರವಾಸಿಗಳನ್ನು ಕಟ್ಟಿಕೊಂಡು ಹೊರಟಿದ್ದರು. ನಾನೂ ಅವರ ಬೆನ್ನು ಹತ್ತಿದೆ. ಇತಿಹಾಸವೂ ಆಯಿತು, ಹರಕೆಯೂ ಆಯಿತು ಎಂಬ ಜಾಣತನ.

ಗೈಡಮ್ಮ ಸೊಗಸಾಗಿ ಮಾತಾಡುತ್ತಿದ್ದರು. ಮೊದಲು ಕೆಂಪು ಕಲ್ಲಿನ ದೊಡ್ಡ ಚರ್ಚು ಬಂತು. ಮೂಲೆಯ ಬುರುಜು, ಕೆಳಗೆ ಆಳದಲ್ಲಿ ಕಾಲುವೆ, ಅದೇ ಅಂಕಲ್ ಉರುಳಬಹುದಾಗಿದ್ದ ಕಾಲುವೆ. ಆಮೇಲೆ ಕುದುರೆ ಓಡಿಸುವ ಹಸಿರು ಬಯಲು, ನದಿ, ಹಳೆಯ ಸೇತುವೆ. ಮಳೆ ಜೋರಾಯಿತು, ಹೊಸ ಬೂಟು ನೀರು ಕುಡಿದು ಹಿಮ್ಮಡಿ ಕಚ್ಚತೊಡಗಿತು. ಎರಡು ಗಂಟೆಗೂ ಮೀರಿ ನಡೆದು, ಸುತ್ತು ಇನ್ನೇನು ಮುಗಿಯಿತು ಎನ್ನುವಾಗ ಕಲ್ಲಿನ ಮೆಟ್ಟಿಲು ಎದುರಾಯಿತು. ಇದು ಬಯಕೆಯ ಮೆಟ್ಟಿಲು, ಉಸಿರು ಬಿಡದೆ ಓಡಿ ಹತ್ತಿ ಇಳಿದು ಮತ್ತೆ ಹತ್ತಿದರೆ ಬೇಡಿದ್ದು ಆಗುತ್ತದಂತೆ ಎಂದು ಗೈಡಮ್ಮ ನಕ್ಕರು. ಇವರಲ್ಲೂ ಹರಕೆ ಉಂಟು ಎಂದು ನನಗೂ ನಗು ಬಂತು. ಮುರಳಿಯ ಹೆಸರು ಹೇಳಬೇಕಲ್ಲ ಎಂದು ಮೆಟ್ಟಿಲ ಮೇಲೆ ಕಾಲಿಟ್ಟೆ.

ನಾನು ಹತ್ತುತ್ತಿದ್ದೆ. ಆಂಟಿ ಹೇಳಿದಂತೆ ಅಂಕಲ್ ದಿನವೂ ಇದನ್ನು ಇಳಿಯುತ್ತಿದ್ದರು. ಅದೂ ಶುರುವಿನಲ್ಲಿ, ಕೊನೆಯಲ್ಲಲ್ಲ.

ಕಾಲು ಅಲ್ಲೇ ನಿಂತಿತು. ಊರು ನನ್ನ ಯಾವ ಕಡೆ ಇದೆ ಎಂದು ನೋಡಿದೆ. ಎಡಕ್ಕೆ. ಬೆಳಗಿನಿಂದ ಎಡಕ್ಕೇ ಇತ್ತು. ದೇವರಿಗೆ ಸುತ್ತುವಾಗ ಗುಡಿ ಬಲಗಡೆ ಇರಬೇಕು ಎಂಬುದು ನಮ್ಮಲ್ಲಿ ಅಂಬೆಗಾಲಿನ ಮಗುವಿಗೂ ಗೊತ್ತು. ಎಡಕ್ಕೆ ಸುತ್ತುವುದು ಸಾವಿನ ಮನೆಯಲ್ಲಿ, ಚಿತೆಯ ಸುತ್ತ. ನಾನು ಮುರಳಿಯ ಹೆಸರಿನಲ್ಲಿ, ಅವನ ಆಪರೇಷನ್ನಿಗೆ ಐದು ದಿನ ಇರುವಾಗ, ಗೈಡಮ್ಮನ ಕೊಡೆಯ ಹಿಂದೆ ಸಂತೋಷವಾಗಿ ಅಪ್ರದಕ್ಷಿಣೆ ಹಾಕಿದ್ದೆ.

ಮತ್ತೆ ಸರಿಯಾಗಿ ಸುತ್ತಬೇಕಿತ್ತು. ಗೈಡಮ್ಮನ ಮಾತಿಲ್ಲದೆ ನಡೆದರೆ ಒಂದು ಗಂಟೆಯ ದಾರಿ. ರೈಲು ತಪ್ಪುತ್ತಿತ್ತು ಎಂದು ಹೇಳಿ ನಿಮ್ಮೆದುರು ಮಾನ ಉಳಿಸಿಕೊಳ್ಳಬಹುದು. ಆದರೆ ಗಂಟೆಗೊಂದು ರೈಲಿತ್ತು. ನನಗೆ ಹಿಮ್ಮಡಿ ನೋಯುತ್ತಿತ್ತು, ಸಾಕ್ಸ್ ಒದ್ದೆಯಾಗಿತ್ತು, ಹಸಿವಾಗಿತ್ತು. ಅಷ್ಟೇ. ಎಡಕ್ಕೆ ಸುತ್ತಿದರೇನು ಬಲಕ್ಕೆ ಸುತ್ತಿದರೇನು, ಕಲ್ಲಿಗೆ ಗೊತ್ತೇ, ಕವಾಟಕ್ಕೆ ಗೊತ್ತೇ ಎಂದು ನನ್ನ ವಿಚಾರವಾದವೆಲ್ಲ ಆ ಹೊತ್ತಿಗೆ ಸರಿಯಾಗಿ ಎಚ್ಚರವಾಯಿತು. ಒಂದು ಚಹಾದಂಗಡಿಗೆ ಹೋಗಿ, ಬೆಣ್ಣೆ ಹಚ್ಚಿದ ಎರಡು ಬನ್ನು ತಿಂದು, ಬಿಸಿ ಚಹಾ ಕುಡಿದು ಆಂಟಿಗೆ ಫೋನ್ ಮಾಡಿದೆ. ಪಸಡೀನಾದಲ್ಲಿ ಆಗ ಬೆಳಗಿನ ಏಳು ಗಂಟೆ. ಮೊದಲ ರಿಂಗಿಗೇ ಎತ್ತಿಕೊಂಡರು.

"ಆಯ್ತು ಆಂಟಿ" ಎಂದೆ.

ಅವರು "ನಿನ್ನ ಹೊಟ್ಟೆ ತಣ್ಣಗಿರಲಿ ಮಗು" ಎಂದರು. ಹೊಟ್ಟೆಯಲ್ಲಿ ಆಗಷ್ಟೇ ಇಳಿದಿದ್ದ ಬನ್ನು ಕಲ್ಲಿನ ಹಾಗೆ ಕೂತಿತು.

ಗುರುವಾರದ ಹೊತ್ತಿಗೆ ನಾನು ವಾಪಸು ಬಂದಿದ್ದೆ. ಬೆಳಗ್ಗೆಯೇ ಲಾಸ್ ಏಂಜಲಿಸ್ಸಿನ ಆಸ್ಪತ್ರೆಗೆ ಹೋದೆ. ಎರಡನೆಯ ಮಹಡಿಯಲ್ಲಿ ಕಾಯುವ ಕೋಣೆ. ಮುರಳಿಯ ಹೆಂಡತಿ ಯಾವುದೋ ಫಾರ್ಮು ಹಿಡಿದುಕೊಂಡು ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಳು. ಆಂಟಿ ದೊಡ್ಡ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಮಡಿಲಲ್ಲಿ ಮೊಸರನ್ನದ ಡಬ್ಬಿ ಇಟ್ಟುಕೊಂಡು, ಮದುವೆಮನೆಗೆ ಬಂದವರ ಹಾಗೆ ನಿಶ್ಚಿಂತೆಯಾಗಿ ಕೂತಿದ್ದರು. ನನ್ನನ್ನು ನೋಡಿ ನಕ್ಕರು.

"ನೀನು ಹೋಗಿ ಮುಗಿಸ್ಕೊಂಡು ಬಂದಿದ್ದೀಯಲ್ಲ, ಇನ್ನೇನು ಹೆದರಿಕೆ ನನಗೆ" ಎಂದರು.

ನಾಲ್ಕು ಗಂಟೆಯ ಆಪರೇಷನ್ ಎಂದಿದ್ದರು. ನಾಲ್ಕಾಯಿತು, ಐದಾಯಿತು. ನರ್ಸ್ ಬಂದು ಇನ್ನೂ ಸ್ವಲ್ಪ ಹೊತ್ತು ಆಗುತ್ತದೆ ಎಂದಳು. ಮುರಳಿಯ ಹೆಂಡತಿ ಅಳತೊಡಗಿದಳು. ಆಂಟಿ ಅವಳ ಬೆನ್ನು ಸವರುತ್ತ, ಏನೂ ಆಗಲ್ಲಮ್ಮ, ಹರಕೆ ಪೂರ್ತಿ ಮುಗಿದಿದೆ ಎಂದು ಸಮಾಧಾನ ಹೇಳುತ್ತಿದ್ದರು. ಅವರ ಧೈರ್ಯವೆಲ್ಲ ನನ್ನ ಒಂದು ಸುಳ್ಳಿನ ಮೇಲೆ ನಿಂತಿತ್ತು. ಅಲ್ಲಿ ಕೂತಿರಲು ನನ್ನಿಂದ ಆಗಲಿಲ್ಲ. ಕಾಫಿ ತರುತ್ತೇನೆ ಎಂದು ಕೆಳಗಿಳಿದು ಬಂದೆ.

ಬಾಗಿಲ ಹೊರಗೆ ನಿಂತೆ. ಕಾಲಿನಲ್ಲಿ ಅದೇ ಬೂಟು ಇತ್ತು, ಇನ್ನೂ ಸರಿಯಾಗಿ ಒಣಗಿರಲಿಲ್ಲ. ಯಾಕೆ ಎಂದು ಕೇಳಬೇಡಿ, ಆಸ್ಪತ್ರೆಯ ಕಟ್ಟಡವನ್ನು ಬಲಕ್ಕೆ ಹಾಕಿಕೊಂಡು ನಡೆಯತೊಡಗಿದೆ. ಅಲ್ಲಿ ನಡೆಯಲೆಂದು ಯಾರೂ ದಾರಿ ಮಾಡಿರಲಿಲ್ಲ. ಆಂಬುಲೆನ್ಸ್ ಬರುವ ಇಳಿಜಾರು ದಾಟಿ, ಕೊಳೆ ಹೊದಿಕೆ ತುಂಬಿದ ತಳ್ಳುಗಾಡಿಗಳ ನಡುವೆ ನುಸುಳಿ, ಪಾರ್ಕಿಂಗ್ ಕಟ್ಟಡದ ಪಕ್ಕದ ಗಿಡಗಂಟಿ ತುಳಿದುಕೊಂಡು, ನೇರಳೆ ಬಣ್ಣದ ಹೂ ಉದುರಿದ ಫುಟ್‌ಪಾತಿಗೆ ಬಂದರೆ ಮತ್ತೆ ಮುಂಬಾಗಿಲು. ಒಂದು ಸುತ್ತಾಯಿತು. ಸಾಲದೆನಿಸಿತು. ಮತ್ತೆ ಹೊರಟೆ. ಹಿಂದಿನ ಗೇಟಿನ ಗಾರ್ಡ್ ಎರಡು ಸಲ ನೋಡಿ, ಮೂರನೆಯ ಸಲ ಕಾರು ಎಲ್ಲಿ ನಿಲ್ಲಿಸಿದ್ದೀರಿ ಎಂಬುದು ಮರೆತುಹೋಯಿತೇ, ಹುಡುಕಿ ಕೊಡಲೇ ಎಂದು ಕೇಳಿದ. ಹೌದು, ನಾನೇ ಹುಡುಕಿಕೊಳ್ಳುತ್ತೇನೆ ಎಂದೆ. ಲಾಸ್ ಏಂಜಲಿಸ್ಸಿನಲ್ಲಿ ಒಬ್ಬ ಮನುಷ್ಯ ನಡೆಯುತ್ತಿದ್ದರೆ ಬೇರೆ ಯಾವ ಕಾರಣ ತಾನೇ ಇರಲು ಸಾಧ್ಯ?

ಯಾರನ್ನು ಬೇಡಿದೆನೋ ಗೊತ್ತಿಲ್ಲ. ನಂಜುಂಡನನ್ನೋ, ಅಂಕಲನ್ನೋ. ತಪ್ಪು ನನ್ನದು, ಮುರಳಿಯ ಮೇಲೆ ಹಾಕಬೇಡಿ ಎಂದಷ್ಟೇ ಹೇಳಿಕೊಳ್ಳುತ್ತಿದ್ದೆ. ಎಷ್ಟು ಸುತ್ತಿದೆನೋ ಎಣಿಸಲಿಲ್ಲ. ಹಿಮ್ಮಡಿಯಿಂದ ರಕ್ತ ಬಂದು ಸಾಕ್ಸ್ ಅಂಟಿಕೊಂಡ ಮೇಲೆ, ಬೆವರು ಒರೆಸಿಕೊಂಡು ಮೇಲೆ ಹೋದೆ. ಡಾಕ್ಟರ್ ಆಗಷ್ಟೇ ಬಂದು, ಎಲ್ಲ ಸರಿಹೋಗಿದೆ ಎಂದು ಹೇಳಿ ಹೋಗಿದ್ದರು. ಆಂಟಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕಾಫಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಆಂಟಿ ಮೊಸರನ್ನದ ಡಬ್ಬಿ ಬಿಚ್ಚಿ, "ಕೂತ್ಕೊಂಡು ಉಣ್ಣು" ಎಂದು ನನ್ನ ಕೈಗೆ ಕೊಟ್ಟರು.

ಮುರಳಿ ಹುಷಾರಾದ. ಹೊಳೆ ದಾಟಿದ್ದಾಯಿತು. ಇನ್ನು ಅಂಬಿಗನ ಹಂಗೇನು ಎಂದು ನಾನೂ ಬೂಟನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟೆ. ಆದರೆ ಅಲ್ಲಿಂದಾಚೆ ಆಂಟಿಯ ಮನೆಗೆ ಹೋಗುವುದು ಕಡಿಮೆಯಾಯಿತು. ಬಡಿಸುವಾಗಲೆಲ್ಲ ಅವರು ನನಗೆ ಒಂದು ಸೌಟು ತುಪ್ಪ ಹೆಚ್ಚು ಹಾಕುತ್ತಿದ್ದರು. ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಜಗಳದ ಮಾರನೆಯ ದಿನ, ಭಾನುವಾರ, ಡಬ್ಬಿಯನ್ನು ಡಿಕ್ಕಿಯಲ್ಲಿಟ್ಟುಕೊಂಡು ಒಬ್ಬನೇ ಪಸಡೀನಾಕ್ಕೆ ಹೋದೆ. ಆಂಟಿ ಅಂಗಳದಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದರು. ಈಗ ಎಪ್ಪತ್ತರ ಹತ್ತಿರ; ಮಂಡಿ ನೋವು. ಮೆಟ್ಟಿಲ ಮೇಲೆ ಕೂತು, ಅವರ ಮುಖ ನೋಡದೆ, ಎಲ್ಲವನ್ನೂ ಹೇಳಿದೆ. ಗೈಡಮ್ಮನ ಕೊಡೆ, ಮೆಟ್ಟಿಲು, ಬನ್ನು ಕೂಡ ಬಿಡಲಿಲ್ಲ. ಆಂಟಿ ನಲ್ಲಿ ನಿಲ್ಲಿಸಿ ಬಂದು ಪಕ್ಕದಲ್ಲಿ ಕೂತರು.

"ಆಸ್ಪತ್ರೆ ದಿನಾನೇ ತಿಳೀತು ನನಗೆ. ನಾನು ಕಿಟಕಿ ಹತ್ರ ಕೂತಿದ್ನಲ್ಲ. ಮೊದಲ್ನೇ ಸಲ ಎಡಗಡೆಯಿಂದ ಬಲಗಡೆಗೆ ದಾಟಿ ಹೋದೆ, ಕಾರು ಹುಡುಕ್ತಿದ್ದೀಯೇನೋ ಅಂದ್ಕೊಂಡೆ. ಮತ್ತೆ ಬಂದೆ. ಮತ್ತೆ ಬಂದೆ. ದೇವರನ್ನ ನಂಬದೋನು ಸುಮ್ಸುಮ್ನೆ ಯಾಕೆ ಸುತ್ತು ಹಾಕ್ತಾನೆ? ಅಲ್ಲೇನೋ ಕೆಡಿಸ್ಕೊಂಡು ಬಂದಿದ್ದಾನೆ ಅಂತ ಗೊತ್ತಾಯ್ತು."

ಕೋಪ ಬರಲಿಲ್ಲವೇ ಎಂದು ಕೇಳಿದೆ. ಬಂತು, ಮೊದಲು ಹೆದರಿಕೆ, ಆಮೇಲೆ ಸುಟ್ಟುಬಿಡುವಷ್ಟು ಕೋಪ ಎಂದರು. ನನ್ನ ಕೈ ಹಿಡಿದುಕೊಂಡರು.

"ಆದ್ರೆ ನೋಡು, ನಿಮ್ಮ ಅಂಕಲ್ ಅಷ್ಟು ದೂರದಲ್ಲಿ ನನ್ನ ಮಗೂಗೋಸ್ಕರ ಸುತ್ತು ಹಾಕಿದ್ದು ಇಪ್ಪತ್ತು ಸಲ. ಒಂದನ್ನೂ ನಾನು ಕಂಡಿರ್ಲಿಲ್ಲ. ಉಳಿದದ್ದು ಒಂದೇ ನನ್ನ ಕಣ್ಣಿಗೆ ಕಾಣ್ತಾ ಇತ್ತು, ನಲವತ್ತು ವರ್ಷ. ಅವತ್ತು ನೀನು ಕುಂಟ್ಕೊಂಡು ಕುಂಟ್ಕೊಂಡು ಬರ್ತಿದ್ದೆಯಲ್ಲ, ಆಗ ಅವರೂ ಹೀಗೇ ನಡೆದಿರ್ಬೇಕು ಪಾಪ, ಅನ್ನಿಸ್ತು. ಎಷ್ಟು ಹೆದರಿದ್ರೋ ಏನೋ."

ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಆಂಟಿ ಅಳಲಿಲ್ಲ, ಎಷ್ಟು ಸುತ್ತು ಹಾಕಿದೆ ಗೊತ್ತೇ ಎಂದು ಕೇಳಿದರು. ಐದೋ ಆರೋ ಎಂದೆ. ಒಂಬತ್ತು, ನಾನು ಎಣಿಸಿದ್ದೇನೆ ಎಂದರು. ಒಂದು ಕೇಳಿದರೆ ಒಂಬತ್ತು ಹಾಕಿದ್ದೀಯ, ಉಳಿದ ಎಂಟು ನಿಮ್ಮ ಅಂಕಲ್ ಕೇಕು ತಿಂದು ಮರೆತದ್ದಕ್ಕೆ ಎಂದು ಹೇಳಿ, "ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತಿದ್ರಲ್ಲ!" ಎಂದು ತೊಡೆ ತಟ್ಟಿಕೊಂಡು ನಕ್ಕರು. ಆ ಮಾತಿಗೆ ಆಂಟಿ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಗು ಅಂಕಲ್ ಅವರದ್ದೇ, ಥೇಟು.

ಊಟವಾಯಿತು. ಸಾರು ಮೂರು ಸಲ ಹಾಕಿಸಿಕೊಂಡೆ. ಹೊರಡುವಾಗ ಬೂಟಿನ ಡಬ್ಬಿಯನ್ನು ತೋರಿಸಿದೆ. ಇದನ್ನು ಇಟ್ಟುಕೊಂಡು ಪೂಜೆ ಮಾಡುತ್ತೀಯೇನು ಎಂದು ಗದರಿಸಿ, ಅವರೇ ತೆಗೆದುಕೊಂಡು ಹೋಗಿ ಕಸದ ಡಬ್ಬಿಗೆ ಹಾಕಿದರು. ಆಮೇಲೆ ನನ್ನ ಕಾಲು ನೋಡಿದರು. ಬೆಳಿಗ್ಗೆಯ ಗಾಬರಿಯಲ್ಲಿ ನಾನು ಮನೆಯೊಳಗೆ ಹಾಕುವ ಹವಾಯಿ ಚಪ್ಪಲಿಯಲ್ಲೇ ಬಂದಿದ್ದೆ. ಒಂದರ ಪಟ್ಟಿ ಕಿತ್ತುಹೋಗಿತ್ತು. ಆಂಟಿ ಒಳಗೆ ಹೋಗಿ ಅಂಕಲ್ ಅವರ ಚರ್ಮದ ಚಪ್ಪಲಿ ತಂದು ನನ್ನ ಎದುರಿಗೆ ಜೋಡಿಸಿಟ್ಟರು. ಕಾಲಿಗೆ ಸರಿಹೋಯಿತು. ಕಾರು ಹತ್ತುವ ಮೊದಲು ಬೀದಿಯ ಕೊನೆಯವರೆಗೆ ನಡೆದು ಬರೋಣ ಎಂದರು. ಕೊನೆ ಬಂದರೂ ಹಿಂತಿರುಗಲಿಲ್ಲ, ಬಲಕ್ಕೆ ತಿರುಗಿ, ಮತ್ತೆ ಬಲಕ್ಕೆ ತಿರುಗಿ, ಇಡೀ ಬ್ಲಾಕು ಸುತ್ತಿ ಮನೆಯ ಬಾಗಿಲಿಗೇ ಬಂದೆವು.

ಸಂಜೆ ಮನೆ ಮುಟ್ಟಿದಾಗ ಸುಜಾತಾ ನನ್ನ ಕಾಲನ್ನೇ ನೋಡುತ್ತ ನಿಂತಳು.

"ಹಳೇ ಬೂಟ ಒಗದ ಬರ್ರಿ ಅಂದ್ರ ಹಳೇ ಚಪ್ಪಲಿ ತಂದ್ರ್ಯಾ?"

ಗರಾಜಿನಲ್ಲಿ ಖಾಲಿಯಾಗಿದ್ದ ಜಾಗಕ್ಕೆ ಅವಳೇ ಕೈ ತೋರಿಸಿದಳು. ಬೇಡ, ಇವನ್ನು ನಾನು ಹಾಕಿಕೊಳ್ಳುತ್ತೇನೆ ಎಂದೆ. ಆಮೇಲೆ ಅವಳನ್ನೂ ಮೆಟ್ಟಿಲ ಮೇಲೆ ಕೂರಿಸಿಕೊಂಡು, ನಿಮಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದೆ.